ಗಾಜಿನೊಳಗಿನ ಅಕ್ಕ

"ನಗಬೇಡಿ. ನಕ್ಕರೆ ಗುಳಿಗಳೆಲ್ಲ ಅಡಗಿಕೊಳ್ತವೆ," ಎಂದರು ಡಾಕ್ಟರು.

"ನಗ್ತಾ ಇದೀನಾ ನಾನು?" ಎಂದು ಪುಟ್ಟಿ ಕೇಳಿದಳು. ಮರಗಟ್ಟಿಸುವ ಮುಲಾಮು ಬಳಿದು ಬಹಳ ಹೊತ್ತು ಕೂರಿಸಿ, ಈಗಷ್ಟೇ ಅದನ್ನು ಒರೆಸಿ ತೆಗೆದಿದ್ದರು. ತುಟಿ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಯಾರದೋ ಮುಖವನ್ನು ಕೇಳಿ ತಂದು ಹಾಕಿಕೊಂಡು ಮಲಗಿದಂತಿತ್ತು.

"ನಗ್ತಾ ಇದೀರಿ. ಚೆನ್ನಾಗೇ ನಗ್ತಾ ಇದೀರಿ. ಏನು ಸಮಾಚಾರ?"

"ನಾವೂ ಹಿಂಗೇ ನೋಡೋದು ಡಾಕ್ಟ್ರೇ, ಮೊಟ್ಟೇನ."

ಡಾಕ್ಟರು ದೊಡ್ಡ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಒಂದು ಸಣ್ಣ ಟಾರ್ಚನ್ನು ಅವಳ ಕಿವಿಯ ಪಕ್ಕದಲ್ಲಿ ಅಡ್ಡಲಾಗಿ ಹಿಡಿದಿದ್ದರು. ಬೆಳಕು ಕೆನ್ನೆಯ ಮೇಲೆ ಹಾಸಿಕೊಂಡು ಹೋಗುವಾಗ ಹಳೆಯ ಮೊಡವೆಯ ಒಂದೊಂದು ಗುಳಿಯಲ್ಲೂ ಚೂರು ನೆರಳು ತಂಗುತ್ತಿತ್ತು. ಆ ನೆರಳಿನ ಸುತ್ತ ಅವರು ನೇರಳೆ ಪೆನ್ನಿನಿಂದ ಪುಟ್ಟ ಪುಟ್ಟ ಸೊನ್ನೆ ಬರೆಯುತ್ತಿದ್ದರು. ಪುಟ್ಟಿ ಕೆಲಸ ಮಾಡುವುದು ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ. ಅಲ್ಲೊಂದು ಕತ್ತಲೆ ಕೋಣೆಯಿದೆ. ಅದರಲ್ಲಿ ಕೂತು ಒಂದೊಂದೇ ಮೊಟ್ಟೆಯನ್ನು ದೀಪದ ಬಾಯಿಗೆ ಹಿಡಿದು, ಒಳಗೆ ಜೀವ ಕೂಡಿದೆಯೋ ಇಲ್ಲವೋ ಎಂದು ನೋಡಿ ಬೇರೆ ಮಾಡುವುದು ಅವಳ ಕೆಲಸ. ಇವತ್ತು ತಾನೇ ದೀಪದ ಬಾಯಿಗೆ ಬಂದಿದ್ದೇನೆ ಎನ್ನಿಸಿ ಅವಳಿಗೆ ನಗು ಬಂದಿತ್ತು.

"ಮೊಡವೆ ಬರೋಕೆ ಮುಂಚಿನ ಫೋಟೋ ಇದ್ರೆ ತನ್ನಿ ಅಂದಿದ್ದೆ," ಎಂದರು ಡಾಕ್ಟರು. "ತಂದ್ರಾ?"

ಪುಟ್ಟಿ ತಲೆದಿಂಬಿನ ಪಕ್ಕದ ಚೀಲಕ್ಕೆ ಕೈ ಹಾಕಿ ಫೋಟೋ ತೆಗೆದುಕೊಟ್ಟಳು. ಹ್ಯಾಚರಿಯ ಗೇಟಿಗೆ ಒರಗಿ ನಿಂತ ಒಬ್ಬಳು ಹುಡುಗಿ. ಕೆಲಸದ ನೀಲಿ ಅಂಗಿ, ತಲೆಗೆ ಕಟ್ಟುವ ಬಟ್ಟೆ ಕೈಯಲ್ಲಿ, ಬಿಸಿಲಿಗೆ ಕಣ್ಣು ಅರ್ಧ ಮುಚ್ಚಿದೆ. ಡಾಕ್ಟರು ಫೋಟೋ ನೋಡಿದರು, ಕೆನ್ನೆ ನೋಡಿದರು, ಮತ್ತೆ ಫೋಟೋ ನೋಡಿದರು.

"ನಿಮಗೆ ಮೊಡವೆ ಶುರುವಾಗಿದ್ದು ಯಾವಾಗ ಅಂದ್ರಿ?"

"ಹೈಸ್ಕೂಲಲ್ಲಿ."

"ಇದು ಹೈಸ್ಕೂಲ್ ಹುಡುಗಿ ಅಲ್ವಲ್ಲ."

ಟಾರ್ಚಿನ ಬೆಳಕು ಛಾವಣಿಗೆ ಹೋಗಿ ಒಂದು ದುಂಡನೆಯ ಕಲೆಯಾಗಿ ನಿಂತಿತು.

"ಅದು ಅಕ್ಕ," ಎಂದಳು. "ನಾವಿಬ್ಬರೂ ಅವಳಿ."

"ಹಾಗನ್ನಿ ಮತ್ತೆ! ಅಕ್ಕನ್ನೇ ಒಂದ್ಸಲ ಕರ್ಕೊಂಡು ಬಂದು ಪಕ್ಕದಲ್ಲಿ ಕೂರಿಸಿದ್ರೆ ನನ್ನ ಕೆಲಸ ಇನ್ನೂ ಸಲೀಸಾಗ್ತಿತ್ತು."

"ಅವಳಿಲ್ಲ ಡಾಕ್ಟ್ರೇ."

ಮುಖ ಮರಗಟ್ಟಿದ್ದರಿಂದ ಆ ಮಾತು ಬೇರೆ ಯಾರೋ ಪಕ್ಕದ ಕೋಣೆಯಲ್ಲಿ ಆಡಿದಂತೆ ಕೇಳಿಸಿತು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು.

"ನೋಡಿ, ನಾನು ಗುಳೀನ ಮೇಲೆತ್ತಬಲ್ಲೆ. ಅದೂ ಪೂರ್ತಿ ಅಲ್ಲ. ಅರ್ಧಕ್ಕರ್ಧ ತುಂಬಿದ್ರೆ ನೀವೂ ಖುಷಿ ಪಡಬೇಕು, ನಾನೂ ಪಡ್ತೀನಿ. ಅದಕ್ಕಿಂತ ಹೆಚ್ಚಿಗೆ ನನ್ನ ಸೂಜಿ ಹತ್ರ ಏನೂ ಕೇಳಬಾರದು. ಆಯ್ತಾ?"

"ಆಯ್ತು," ಎಂದಳು ಪುಟ್ಟಿ. ಆದರೆ ಅವಳು ಕೇಳುವುದನ್ನು ಆಗಲೇ ಮನಸ್ಸಿನಲ್ಲಿ ಕೇಳಿಯಾಗಿತ್ತು.

ಗುಳಿಯ ತಳದಲ್ಲಿ ಸಣ್ಣ ಸಣ್ಣ ಎಳೆಗಳಿರುತ್ತವೆ, ಅವು ಚರ್ಮವನ್ನು ಕೆಳಕ್ಕೆ ಜಗ್ಗಿ ಹಿಡಿದಿರುತ್ತವೆ ಎಂದು ಡಾಕ್ಟರು ಮೊದಲೇ ತಿಳಿಸಿ ಹೇಳಿದ್ದರು. ಸೂಜಿಯನ್ನು ಚರ್ಮದ ಅಡಿಗೆ ತೂರಿಸಿ ಆ ಎಳೆಗಳನ್ನು ಬಿಡಿಸಬೇಕು. ಬಿಡಿಸಿಕೊಂಡ ಚರ್ಮ ತಾನಾಗಿ ಮೇಲೇಳುತ್ತದೆ. ನೋವಾಗಲಿಲ್ಲ. ಆದರೆ ಸದ್ದು ಕೇಳುತ್ತಿತ್ತು. ಒಣಗಿದ ಬಳ್ಳಿಯನ್ನು ಬೇಲಿಯಿಂದ ಕಿತ್ತಂತೆ ಸಣ್ಣಗೆ ಕರಕರ ಎನ್ನುವ ಸದ್ದು, ಕಿವಿಯ ಹೊರಗಲ್ಲ, ತಲೆಯ ಒಳಗೆ. ಆ ಸದ್ದಿನ ಜೊತೆಯಲ್ಲೇ ಪುಟ್ಟಿಗೆ ಜೊಂಪು ಹತ್ತಿತು.

ಅವಳು ಅಕ್ಕನನ್ನು ನೋಡಿದ್ದು ಹೋದ ಚಳಿಗಾಲದಲ್ಲಿ.

ಮರಿಗಳು ಮೊಟ್ಟೆ ಒಡೆದು ಹೊರಬರುವ ಯಂತ್ರಕ್ಕೆ ಒಂದು ದೊಡ್ಡ ಬಾಗಿಲಿದೆ. ಬಾಗಿಲಿನಲ್ಲಿ ಮುಖದ ಎತ್ತರಕ್ಕೆ ಒಂದು ಗಾಜು. ಒಳಗೆ ಸದಾ ಬಿಸಿ, ಸದಾ ತೇವ. ಒಂದು ಮುಂಜಾನೆ ಖಾಲಿ ತಟ್ಟೆಗಳಿಗೆಂದು ಆ ಯಂತ್ರದ ಕೋಣೆಗೆ ಹೋದವಳು ಹಾಗೇ ನಿಂತಳು. ಹಬೆ ಕಟ್ಟಿದ ಗಾಜಿನ ಒಳಗಿನಿಂದ ಅಕ್ಕ ನೋಡುತ್ತಿದ್ದಳು. ಹಿಂದೆ ಸಾವಿರಾರು ಮರಿಗಳ ಚಿಲಿಪಿಲಿ. ಕೆನ್ನೆ ನುಣ್ಣಗೆ, ಆಗಷ್ಟೇ ಸ್ನಾನ ಮಾಡಿ ಬಂದಂತೆ ಮಸುಕು ಮಸುಕಾಗಿ ಹೊಳೆಯುತ್ತಿತ್ತು. "ಬಂದ್ಯಾ?" ಎಂದು ಪುಟ್ಟಿ ಗಟ್ಟಿಯಾಗಿಯೇ ಅಂದುಬಿಟ್ಟಳು. ಇನ್ನೂ ಸರಿಯಾಗಿ ಕಾಣಲಿ ಎಂದು ತೋಳಿನಿಂದ ಗಾಜು ಒರೆಸಿದಳು. ಒರೆಸಿದ ಜಾಗದಲ್ಲಿ ಅವಳೇ ಇದ್ದಳು, ಗುಳಿಬಿದ್ದ ಕೆನ್ನೆಯ ಸಮೇತ.

ಅವತ್ತೇ ಅವಳು ಚರ್ಮದ ಡಾಕ್ಟರು ಎಲ್ಲಿದ್ದಾರೆಂದು ವಿಚಾರಿಸಿದ್ದು.

ಪುಟ್ಟಿ ಎನ್ನುವುದು ಮನೆಯ ಹೆಸರು. ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದ ಮೇಲೂ ಅದೇ ಉಳಿದಿತ್ತು. ತುಸು ಮೊದಲು ಹುಟ್ಟಿದ್ದಕ್ಕೆ ಇನ್ನೊಬ್ಬಳು ಅಕ್ಕ. ಪುಟ್ಟಿಗೆ ಮಾತ್ರವಲ್ಲ, ಅಪ್ಪ ಅಮ್ಮನಿಗೂ ಅಕ್ಕನೇ. ಇಬ್ಬರೂ ಕನ್ನಡಿ ನೋಡಿ ಬೆಳೆದವರಲ್ಲ. ಬೆಳಗ್ಗೆ ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂತು, ಒಬ್ಬಳನ್ನು ನೋಡಿಕೊಂಡು ಇನ್ನೊಬ್ಬಳು ತನ್ನ ತಲೆ ಬಾಚಿಕೊಳ್ಳುತ್ತಿದ್ದಳು. ಹಾಗಾಗಿ ಪುಟ್ಟಿಯ ಬೈತಲೆ ಎಡಕ್ಕಾದರೆ ಅಕ್ಕನದು ಬಲಕ್ಕೆ. ಮುಖದಲ್ಲಿ ಮಸಿ ಹತ್ತಿದ್ದರೂ ಎದುರಿನವಳು ತನ್ನ ಮುಖ ಮುಟ್ಟಿ ತೋರಿಸಬೇಕು, ಇವಳು ಒರೆಸಿಕೊಳ್ಳಬೇಕು.

ಮೊಡವೆಗಳೂ ಇಬ್ಬರಿಗೂ ಕೂಡಿಯೇ ಬಂದವು. ಅಕ್ಕ ಅವುಗಳ ಪಾಡಿಗೆ ಅವನ್ನು ಬಿಟ್ಟಳು. ಪುಟ್ಟಿಗೆ ಕೈ ಸುಮ್ಮನಿರುತ್ತಿರಲಿಲ್ಲ. "ಕೈ ತೆಗಿಯೇ, ಹಾಳು ಮಾಡ್ಕೋತೀಯ," ಎಂದು ಅಕ್ಕ ಪಟಾರನೆ ಹೊಡೆಯುತ್ತಿದ್ದಳು. ಮಲಗುವಾಗ ಇವಳ ಎರಡೂ ಮಣಿಕಟ್ಟು ಹಿಡಿದುಕೊಂಡೇ ಮಲಗುತ್ತಿದ್ದಳು. ಅಕ್ಕನಿಗೆ ನಿದ್ದೆ ಬರುತ್ತಿದ್ದಂತೆ ಹಿಡಿತ ಸಡಿಲಾಗುತ್ತಿತ್ತು. ಬೆಳಗಾಗುವಾಗ ಪುಟ್ಟಿಯ ಉಗುರಿನಲ್ಲಿ ರಕ್ತ. ಅಕ್ಕನ ಕೆನ್ನೆ ತಿಳಿಯಾಯಿತು, ಪುಟ್ಟಿಯದು ಆಲಿಕಲ್ಲು ಬಿದ್ದ ನೆಲದಂತಾಯಿತು. ಆದರೂ ಅವಳಿಗೆ ಅದು ಅಷ್ಟಾಗಿ ಕಾಡಲಿಲ್ಲ. ಬೆಳಗ್ಗೆ ಎದ್ದರೆ ಎದುರಿಗೆ ಕಾಣುತ್ತಿದ್ದ ಮುಖ ಚೆನ್ನಾಗಿಯೇ ಇತ್ತಲ್ಲ.

ಅಕ್ಕ ಮದುವೆಯಾಗಿ ದೂರದ ಊರಿಗೆ ಹೋದಳು. ಅಲ್ಲೇ ಒಂದು ಮಳೆಗಾಲದ ಜ್ವರಕ್ಕೆ ಹೋಗಿಬಿಟ್ಟಳು. ಇವರು ತಲುಪುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅಮ್ಮ ಬಟ್ಟೆ ಸರಿಸಿ ನೋಡಿದಳು. ಪುಟ್ಟಿಗೆ ಆಗಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಳು. ಅಪ್ಪ ಅದೇ ಕೊರಗಿನಲ್ಲಿ ತೀರಿಕೊಂಡ. ಅಕ್ಕನ ಊರಿಂದ ಬಂದ ಮೇಲೆ ಅಮ್ಮನ ಬಾಯಲ್ಲಿ ಅಕ್ಕ ಎನ್ನುವ ಮಾತೇ ಬರಲಿಲ್ಲ. ಅಮ್ಮನೇ ಆಡದಿದ್ದ ಮೇಲೆ ಇವಳು ಹೇಗೆ ಆಡುವುದು? ಮದುವೆಯ ಫೋಟೋಗಳಲ್ಲಿ ಪೌಡರಿಗೂ ಬೆಳಕಿಗೂ ಸಿಕ್ಕಿ ಅಕ್ಕನ ಮುಖ ಬಿಳಿ ತಟ್ಟೆಯಾಗಿತ್ತು. ಉಳಿದದ್ದು, ಅಕ್ಕನೂ ಹ್ಯಾಚರಿಗೆ ಕೆಲಸಕ್ಕೆ ಬರುತ್ತಿದ್ದ ಕಾಲದ ಗೇಟಿನ ಫೋಟೋ ಒಂದೇ. ವರ್ಷ ಕಳೆದಂತೆ, ಮುಖ ನೆನೆಸಿಕೊಳ್ಳಲು ಹೋದರೆ ಫೋಟೋ ನೆನಪಾಗುತ್ತಿತ್ತು, ಮುಖ ನೆನಪಾಗುತ್ತಿರಲಿಲ್ಲ.

ಈ ಗುಳಿಗಳನ್ನು ಸರಿಸಿದರೆ ಕೆಳಗೆ ಅಕ್ಕ ಇರುತ್ತಾಳೆ. ಪುಟ್ಟಿಯ ಲೆಕ್ಕ ಇಷ್ಟೇ. ಯಾರಿಗೂ ಹೇಳುವ ಹಾಗಿರಲಿಲ್ಲ.

"ಏನೇ ಇದು, ಮುಖಕ್ಕೆ ನೇಗಿಲು ಹೂಡಿಸ್ಕೊಂಡು ಬಂದಿದೀಯ?"

ಮರುದಿನ ಹೀಗೆ ಕೇಳಿದವಳು ಕತ್ತಲೆ ಕೋಣೆಯಲ್ಲಿ ಪಕ್ಕದ ದೀಪಕ್ಕೆ ಕೂರುವ ಹಿರಿಯ ಹೆಂಗಸು. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲದ್ದರಿಂದ ಹ್ಯಾಚರಿಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು.

"ಗುಳಿ ಹೋಗ್ಲಿ ಅಂತ," ಎಂದಳು ಪುಟ್ಟಿ. ಕೆನ್ನೆ ಊದಿ, ಕಣ್ಣಿನ ಕೆಳಗೆ ನೀಲಿಗಟ್ಟಿತ್ತು.

"ಗಂಡು ಗೊತ್ತಾಗಿದೆಯಾ?"

"ಇಲ್ಲ."

"ಆಗಿದೆ. ನಂಗೆ ಮುಚ್ಚಿಡ್ತಿದೀಯ."

"ಗೊತ್ತಾದ್ರೆ ನನಗಿಂತ ಮುಂಚೆ ನಿಮಗೇ ಗೊತ್ತಾಗತ್ತಲ್ಲ."

"ಅದೂ ನಿಜಾನೇ," ಎಂದಳು ರೇಡಿಯೋ ಬೇಸರವಿಲ್ಲದೆ. ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಚಿಪ್ಪು ಕೆಂಡದ ಬಣ್ಣಕ್ಕೆ ತಿರುಗಿ, ಒಳಗೆ ಜೇಡರ ಬಲೆಯಂತೆ ನರಗಳು ಕಂಡವು. "ಇದು ಬದುಕಿದೆ. ಅಲ್ಲ ಕಣೇ, ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ? ಕೆಲಸ ಮಾಡೋದು ಕತ್ತಲೇಲಿ. ನೋಡೋದು ಈ ಮೊಟ್ಟೆಗಳು. ಇವಕ್ಕೆ ಕಣ್ಣೇ ಬಂದಿಲ್ಲ ಇನ್ನೂ."

ಅಮ್ಮನ ಮಾತು ಇನ್ನೂ ಖಾರವಾಗಿತ್ತು. "ಚುಚ್ಚಿಸ್ಕೊಳ್ಳೋಕೆ ಬಸ್ಸು ಹತ್ಕೊಂಡು ಅಷ್ಟು ದೂರ ಹೋಗ್ಬೇಕಾ? ನಂಗೆ ಹೇಳಿದ್ರೆ ಮನೇಲೇ ಚುಚ್ತಿದ್ದೆ. ಗೋಣಿಚೀಲ ಹೊಲಿಯೋ ಸೂಜಿ ಇದೆ," ಎಂದಳು. ಹಾಗೆನ್ನುತ್ತಲೇ ಪುಟ್ಟಿಯ ದಿಂಬಿಗೆ ಒಗೆದ ಮೆತ್ತನೆ ಬಟ್ಟೆ ಸುತ್ತಿ ಇಟ್ಟಿದ್ದಳು.

ಹೀಗೇ ತಿಂಗಳುಗಳು ಹೋದವು. ಬಿಸಿಲು ತಾಗಬಾರದೆಂದು ಪುಟ್ಟಿ ಮೋಡವಿರುವಾಗಲೂ ಕೊಡೆ ಹಿಡಿದು ಹೊಲದ ದಾರಿಯಲ್ಲಿ ನಡೆದಳು. ಹೊಲದವರು "ಮಳೆ ಎಲ್ಲಿ ಬಂತಮ್ಮಾ, ನಮಗೂ ಒಂಚೂರು ಕಳಿಸು," ಎಂದು ಕೂಗಿ ನಗುತ್ತಿದ್ದರು. ಊತ ಇಳಿಯುವುದು, ನೀಲಿ ಹಳದಿಯಾಗುವುದು, ಹಳದಿ ಮಾಸುವುದು, ಮತ್ತೆ ಬಸ್ಸು, ಮತ್ತೆ ಮುಲಾಮು, ಮತ್ತೆ ತಲೆಯೊಳಗೆ ಬಳ್ಳಿ ಕೀಳುವ ಸದ್ದು. ಕೈ ಮಾತ್ರ ಮುಖಕ್ಕೆ ಹೋಗಲಿಲ್ಲ. ಮಲಗುವಾಗ ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಳ್ಳುತ್ತಿದ್ದಳು. ಕೆಲವು ಸಲ, ನಿದ್ದೆಗೂ ಎಚ್ಚರಕ್ಕೂ ನಡುವೆ, ಹಿಡಿದಿರುವ ಕೈ ಯಾರದೆಂದು ತಿಳಿಯುತ್ತಿರಲಿಲ್ಲ. ತಿಳಿಯದಿರಲಿ ಎಂದು ಅಲುಗಾಡದೆ ಮಲಗಿರುತ್ತಿದ್ದಳು.

ಒಂದು ಮಧ್ಯಾಹ್ನ ಕತ್ತಲೆ ಕೋಣೆಯ ಬಾಗಿಲು ತೆರೆದು ಒಳಗೆ ಬಂದ ರೇಡಿಯೋ ಹೊಸ್ತಿಲಲ್ಲೇ ನಿಂತುಬಿಟ್ಟಳು. ಪುಟ್ಟಿ ಮೊಟ್ಟೆಯೊಂದನ್ನು ದೀಪಕ್ಕೆ ಹಿಡಿದಿದ್ದಳು. ಕೆಂಪು ಬೆಳಕು ಗಲ್ಲದ ಕೆಳಗಿನಿಂದ ಮುಖಕ್ಕೆ ಬಿದ್ದಿತ್ತು.

"ಅಯ್ಯೋ," ಎಂದಳು ರೇಡಿಯೋ. "ಒಂದು ಗಳಿಗೆ ನಾನು..."

"ಏನು?"

"ಏನಿಲ್ಲ ಬಿಡು. ಹೊರಗಡೆ ಬಿಸಿಲು, ಒಳಗೆ ಕತ್ತಲೆ, ಕಣ್ಣು ಮಂಜಾಯ್ತು."

ಆಮೇಲೆ ರೇಡಿಯೋ ಕೈಗೆ ತೆಗೆದುಕೊಂಡ ಮೊಟ್ಟೆಯನ್ನು ಬಿಟ್ಟು ಪುಟ್ಟಿಯನ್ನೇ ನೋಡಿದಳು. ಪುಟ್ಟಿ ತನ್ನ ಮೊಟ್ಟೆಯನ್ನು ದೀಪದಿಂದ ಸರಿಸದೆ ಹಾಗೇ ಹಿಡಿದಿದ್ದಳು. ಅಕ್ಕ ಇನ್ನೇನು ಬಂದೇಬಿಟ್ಟಳು ಎಂದುಕೊಂಡಳು.

ಕಡೆಯ ಸಲ ಡಾಕ್ಟರು ಸೂಜಿ ಹಿಡಿಯಲಿಲ್ಲ. ಟಾರ್ಚನ್ನು ಆ ಕಡೆ ಈ ಕಡೆ ಹಿಡಿದು ನೋಡಿ, ಬೆರಳಿನಿಂದ ಕೆನ್ನೆ ಎಳೆದು ಬಿಟ್ಟು, "ಇಷ್ಟು ಸಾಕು," ಎಂದರು. "ಇನ್ನೂ ಕೆದಕಿದ್ರೆ ಆಗಿದ್ದೂ ಕೆಡತ್ತೆ. ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗೇ ಎದ್ದಿದೆ. ನೋಡ್ಕೊಳ್ಳಿ."

ಪರದೆ ಸರಿಸಿ, ಕೈಗನ್ನಡಿ ಕೊಟ್ಟರು. ಪುಟ್ಟಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಒಂದು ಉಸಿರು ಎಳೆದುಕೊಂಡಳು. ಆಮೇಲೆ ಎತ್ತಿ ಹಿಡಿದಳು.

ದೊಡ್ಡ ಗುಳಿಗಳು ಮೇಲೆದ್ದಿದ್ದವು. ಸಣ್ಣವು ಹುಡುಕಿದರೆ ಸಿಗುತ್ತಿದ್ದವು. ಕೆನ್ನೆ ಕೆನ್ನೆಯಂತಿತ್ತು. ಆದರೆ ಕನ್ನಡಿಯಲ್ಲಿ ಅಕ್ಕ ಇರಲಿಲ್ಲ. ಗುಳಿಗಳ ಗಲಾಟೆಯಲ್ಲಿ ಇಷ್ಟು ವರ್ಷ ಕಾಣದೇ ಹೋಗಿದ್ದೆಲ್ಲ ಈಗ ಕಾಣತೊಡಗಿತು. ಬಾಯಿಯ ಎರಡೂ ಬದಿಗೆ ಇಳಿದ ಗೆರೆ, ತುಸು ಜೋತ ರೆಪ್ಪೆ, ಕಿವಿಯ ಪಕ್ಕದ ಬಿಳಿ. ಚೀಲದಿಂದ ಫೋಟೋ ತೆಗೆದು ಪಕ್ಕಕ್ಕೆ ಹಿಡಿದಳು. ಗೇಟಿಗೆ ಒರಗಿದ ಆ ಹುಡುಗಿಗೆ ಕನ್ನಡಿಯಲ್ಲಿರುವವಳು ಚಿಕ್ಕಮ್ಮನಾಗಬಹುದಿತ್ತು.

"ಏನನ್ಸತ್ತೆ?"

"ಚೆನ್ನಾಗಿದೆ ಡಾಕ್ಟ್ರೇ."

ಡಾಕ್ಟರು ಫೋಟೋವನ್ನೂ ನೋಡಿದರು. "ಬಿಸಿಲಿಗೆ ಹುಷಾರು," ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಸಾಯಂಕಾಲವಾಗುತ್ತಿತ್ತು. ಹೊಲಗಳು, ನೀರಿನ ತೊಟ್ಟಿಗಳು, ಕಟ್ಟುತ್ತಿದ್ದ ಗೋಡೆಗಳು, ಎಲ್ಲವೂ ನಿದ್ದೆಯಲ್ಲಿ ಮಗ್ಗುಲು ಬದಲಿಸುವಂತೆ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದವು. ಗಾಜಿನಲ್ಲಿ ಅವಳ ನೆರಳು ಹೊಲದ ಮೇಲೆ ತೇಲುತ್ತಿತ್ತು. ನಾನು ನೋಡಿದರೆ ಕಾಣದಿರಬಹುದು ಎಂದು ಪುಟ್ಟಿಗೆ ಹೊಳೆಯಿತು. ಎದುರಿಗೆ ಕೂತವರಿಗಲ್ಲವೇ ಮುಖ ಕಾಣುವುದು. ಅಮ್ಮ ನೋಡಬೇಕು. ಅಮ್ಮ ಒಂದು ಸಲ, ಒಂದೇ ಗಳಿಗೆ, ಮೋಸ ಹೋದರೂ ಸಾಕು. ಅಮ್ಮನ ಕಣ್ಣಿನಲ್ಲಿ ಅಕ್ಕ ಬಂದದ್ದನ್ನು ನಾನು ನೋಡಿಬಿಡುತ್ತೇನೆ.

ಚೀಲದಿಂದ ಬಾಚಣಿಗೆ ತೆಗೆದು, ಇಷ್ಟು ವರ್ಷ ಎಡಕ್ಕಿದ್ದ ಬೈತಲೆಯನ್ನು ಬಲಕ್ಕೆ ತೆಗೆದಳು. ಕೂದಲು ಕೇಳಲಿಲ್ಲ. ಬಾಟಲಿಯ ನೀರು ಮುಟ್ಟಿಸಿ ಒತ್ತಿ ಕೂರಿಸಿದಳು. ಮುಂದಿನ ಸೀಟಿನ ಮಗು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಮನೆಯ ಹಿಂದಿನ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದಳು. ಅಮ್ಮ ಅಡಿಗೆಮನೆಯ ಕಿಟಕಿಯ ಕೆಳಗೆ, ಆಚೆ ಮುಖ ಮಾಡಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕಾಳುಗಳು ತಟ್ಟೆಗೆ ಬೀಳುವ ಸದ್ದು ಬಿಟ್ಟರೆ ಮನೆ ನಿಶ್ಶಬ್ದವಾಗಿತ್ತು. ಪುಟ್ಟಿ ಬಾಗಿಲಲ್ಲಿ ನಿಂತಳು.

"ಪುಟ್ಟಿ, ಬಾಗಿಲು ಮುಂದೆ ಮಾಡು," ಎಂದಳು ಅಮ್ಮ, ತಿರುಗದೆ. "ಕೋಳಿ ಒಳಗೆ ಬರತ್ತೆ."

ಪುಟ್ಟಿ ಬಾಗಿಲು ಮುಂದೆ ಮಾಡಿದಳು. ಹೋಗಿ ಅಮ್ಮನ ಎದುರಿಗೆ ಕೂತಳು.

"ನೋಡು ಇಲ್ಲಿ."

ಅಮ್ಮ ನೋಡಿದಳು. ಬಿಡಿಸಿದ ಸಿಪ್ಪೆ ಕೈಯಲ್ಲೇ ಉಳಿಯಿತು.

"ಬೈತಲೆ ಯಾಕೆ ಆ ಕಡೆ ಹೋಯ್ತು?"

"ಸುಮ್ನೆ."

"ಸುಮ್ನೆ ಯಾರಾದ್ರೂ ಬೈತಲೆ ಬದಲಾಯಿಸ್ತಾರಾ?"

"ಅಮ್ಮಾ, ನಾನು ಅಕ್ಕನ ಥರ ಕಾಣ್ತೀನಾ?"

ಆ ಅಡಿಗೆಮನೆಯಲ್ಲಿ ಅಷ್ಟು ವರ್ಷ ಯಾರೂ ಆಡದಿದ್ದ ಮಾತು. ಅಮ್ಮ ತಟ್ಟೆ ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡು, ಮಗಳ ಗಲ್ಲ ಹಿಡಿದು, ಕಿಟಕಿಯಲ್ಲಿ ಉಳಿದಿದ್ದ ಬೆಳಕಿಗೆ ತಿರುಗಿಸಿದಳು. ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು. ಪುಟ್ಟಿ ಅಮ್ಮನ ಕಣ್ಣುಗಳನ್ನೇ ನೋಡುತ್ತಿದ್ದಳು.

"ಇಲ್ಲ," ಎಂದಳು ಅಮ್ಮ.

"ಸರಿಯಾಗಿ ನೋಡು."

"ಸರಿಯಾಗೇ ನೋಡ್ದೆ. ಕೆನ್ನೆ ಚೆನ್ನಾಗಾಗಿದೆ. ಆದ್ರೆ ನೀನೇ."

ಪುಟ್ಟಿಯ ಕಣ್ಣು ತುಂಬಿತು. "ಇಷ್ಟೆಲ್ಲ ಚುಚ್ಚಿಸ್ಕೊಂಡೆ," ಎಂದಳು.

ಅಮ್ಮ ಅವಳನ್ನೇ ನೋಡಿದಳು. ಗಲ್ಲ ಹಿಡಿದ ಕೈ ತೆಗೆಯಲಿಲ್ಲ. "ಅದಕ್ಕಾ?" ಎಂದಳು. "ಅದಕ್ಕಾ ನೀನು ಹೋಗ್ತಿದ್ದಿದ್ದು? ಅಯ್ಯೋ ಹುಚ್ಚಿ. ಮುಖ ನೋಡಿ ನಿಮ್ಮನ್ನ ಗುರುತು ಹಿಡೀತಿದ್ದಿದ್ದು ನಿಮ್ಮಪ್ಪ. ಅದಕ್ಕೇ ಯಾವಾಗ್ಲೂ ತಪ್ತಿದ್ರು. ಒಂದಕ್ಕೇ ಎರಡು ಸಲ ಹಾಲು ಕುಡ್ಸಿ, ಇನ್ನೊಂದು ಯಾಕೆ ಹಿಂಗೆ ಕಿರುಚತ್ತೆ ಅಂತ ನನ್ನ ಕೇಳ್ತಿದ್ರು."

"ಮತ್ತೆ ನೀನು?"

"ನಡಿಗೆ. ನೀನು ಹಿಮ್ಮಡಿ ಕುಟ್ಕೊಂಡು ಬರ್ತೀಯ, ನೆಲದ ಜೊತೆ ಏನೋ ಜಗಳ ಇರೋ ಹಾಗೆ. ಬರಿಗಾಲಾದ್ರೂ ಅಷ್ಟೇ. ಅವಳು ಬಂದಿದ್ದೇ ಗೊತ್ತಾಗ್ತಿರ್ಲಿಲ್ಲ. ಹಿಂದೆ ನಿಂತ್ಕೊಂಡು ಕತ್ತಿನ ಮೇಲೆ ಉಸಿರು ಬಿಡೋಳು, ಹೆದರಿಸೋಕೆ." ಅಮ್ಮನ ಕೈ ತನ್ನ ಕತ್ತಿನ ಹಿಂಬದಿಗೆ ಹೋಯಿತು. "ಈಗ್ಲೂ ಇಲ್ಲಿ ಕೂತಿರುವಾಗ ಒಂದೊಂದ್ಸಲ ಕತ್ತು ತಣ್ಣಗಾಗತ್ತೆ."

"ನಂಗೆ ಹೇಳೇ ಇಲ್ಲ ನೀನು."

"ನೀನು ಕೇಳಿದ್ಯಾ?"

ಅಮ್ಮ ತಟ್ಟೆಯನ್ನು ಮತ್ತೆ ಎಳೆದುಕೊಂಡಳು. ಒಂದು ಬಟಾಣಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು.

"ಅವತ್ತು ನೀನು ನೋಡ್ಲಿಲ್ಲ," ಎಂದಳು. "ನಾನು ನೋಡ್ದೆ. ಮುಖಕ್ಕೆ ಏನೂ ಆಗಿರ್ಲಿಲ್ಲ ಕಣೇ. ಹೆದರ್ಕೊಳ್ಳೋ ಹಾಗೆ ಏನೂ ಇರ್ಲಿಲ್ಲ. ಬಾಯಿ ಸ್ವಲ್ಪ ತೆರ್ದಿತ್ತು. ನಿದ್ದೆ ಮಾಡುವಾಗ ತೆರೀತಿದ್ಲಲ್ಲ, ಹಂಗೆ. ಕೆಳಗಿನ ತುಟಿ ಒಣಗಿತ್ತು. ನಾನು ಬೆರಳಿಗೆ ನೀರು ಮುಟ್ಟಿಸ್ಕೊಂಡು ಸವರಿದೆ."

ಪುಟ್ಟಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಅಮ್ಮ ಹೇಳುತ್ತಾ ಹೋದಳು. ಹುಬ್ಬಿನ ಮೇಲೊಂದು ಕೂದಲು ಅಡ್ಡ ಬಿದ್ದಿದ್ದು, ಅದನ್ನು ಸರಿಸಿದ್ದು, ಸರಿಸಿದರೂ ಮತ್ತೆ ಅಲ್ಲೇ ಬಂದು ಬಿದ್ದಿದ್ದು. ಕಿಟಕಿಯ ಬೆಳಕು ಕಡಿಮೆಯಾಗುತ್ತಾ ಬಂತು. ಯಾರೂ ಎದ್ದು ದೀಪ ಹಾಕಲಿಲ್ಲ.

"ಹೋಗು, ಕೈಕಾಲು ತೊಳ್ಕೊಂಡು ಬಾ. ಬಸ್ಸಿನ ಧೂಳು," ಎಂದಳು ಅಮ್ಮ ಕಡೆಗೆ.

ಪುಟ್ಟಿ ಹಿತ್ತಿಲಿಗೆ ಹೋಗಿ ತೊಟ್ಟಿಯ ನೀರಿನಿಂದ ಮುಖಕ್ಕೂ ಕಾಲಿಗೂ ಧಾರಾಳವಾಗಿ ಸುರಿದುಕೊಂಡಳು. ಒರೆಸಿಕೊಳ್ಳದೆ ಹಾಗೇ ಒಳಗೆ ಬಂದು, ಅಮ್ಮ ಸರಿದು ಬಿಟ್ಟ ಜಾಗದಲ್ಲಿ ಕೂತು, ಬಟಾಣಿಗೆ ಕೈ ಹಾಕಿದಳು. ಬಾಗಿಲಿನಿಂದ ಅವಳು ಕೂತಲ್ಲಿಯವರೆಗೆ ಸಿಮೆಂಟು ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದ್ದವು. ದಿನದ ಕಾವು ನೆಲದಲ್ಲಿ ಇನ್ನೂ ಉಳಿದಿತ್ತು. ಮೊದಲು ಬೆರಳುಗಳು ಆರಿದವು, ಆಮೇಲೆ ಪಾದದ ನಡುಭಾಗ. ಹಿಮ್ಮಡಿ ಊರಿದ ಗುರುತುಗಳು ಮಾತ್ರ ಸಾಲಾಗಿ, ಕಪ್ಪಗೆ, ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದವು.